ಮಹಡಿ ಕೋಣೆಯ ಹೊಗೆ ಪರೀಕ್ಷೆ

ಕಟ್ಟಿಗೆ ಒಲೆ ಬೇಕೆಂದು ಹಟ ಹಿಡಿದವರು ನಮ್ಮವರು. ನಡುಮನೆಯಲ್ಲಿ ಕಬ್ಬಿಣದ ಒಲೆ ಕೂರಿಸಿ, ಹೊಗೆಯನ್ನು ಗೋಡೆಯೊಳಗಿನ ಹಳೆಯ ಚಿಮಣಿಗೆ ಬಿಟ್ಟರೆ ಚಳಿಗಾಲ ಆರಾಮವಾಗಿ ಕಳೆಯುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಆ ಚಿಮಣಿ ಅತ್ತೆಯ ಮಹಡಿ ಕೋಣೆಯ ಗೋಡೆಯೊಳಗೆ ಹಾದು ಚಾವಣಿಯ ಮೇಲೆ ಬಾಯಿ ಬಿಡುತ್ತದೆ. ಅದನ್ನು ಬಳಸಿ ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ. ನಮ್ಮವರಿಗೆ ಅದೊಂದು ವಿಷಯವೇ ಅಲ್ಲ. ಅವರು ಒಂದು ಮೊಳೆ ಹೊಡೆದರೆ ಗೋಡೆಗೆ ತೇಪೆ ಹಾಕಲು ಇನ್ನೊಬ್ಬರನ್ನು ಕರೆಸಬೇಕು, ಮಾತು ಮಾತ್ರ ಇಂಜಿನಿಯರದ್ದು.

ಒಲೆ ಮೇಸ್ತ್ರಿ ಪುಣ್ಯಾತ್ಮ, ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ಒಲೆಯ ಕೆಳಗೆ ಕಲ್ಲು ಹಾಸಿದ, ಮರದ ಕಪಾಟನ್ನು ದೂರ ಸರಿಸಿದ, ಹೊರಗಿನ ಗಾಳಿ ಬರಲೆಂದು ಗೋಡೆಗೆ ತೂತು ಕೊರೆದ. ಧೂಳು ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಯಿತು.

"ಇನ್ನು ಹಚ್ಚೋದೇ ತಾನೆ?" ಎಂದರು ನಮ್ಮವರು.

"ಏನ್ ಅವಸರ ಸಾರ್? ಹೊಗೆ ಪರೀಕ್ಷೆ ಆಗ್ಬೇಕು. ಚಿಮಣಿ ಬಾಯಿ ಮುಚ್ಚಿ ಕೆಳಗಿಂದ ಹೊಗೆ ಬಿಡ್ತೀನಿ. ಬಿರುಕಿದ್ರೆ ಮೇಲಿನ ಕೋಣೇಲಿ ಬರುತ್ತೆ. ಅಲ್ಲೊಬ್ರು ನಿಂತು ನೋಡ್ಬೇಕು."

"ನೋಡೋದೇನು ಬಂತು, ನಮ್ಮಮ್ಮ ಮೂಸಿದ್ರೆ ಸಾಕು!"

ಅದೂ ನಿಜವೇ. ಹಾಲು ಕೆಟ್ಟಿದೆಯೇ, ಎಣ್ಣೆ ಕಮಟಾಗಿದೆಯೇ, ಅತ್ತೆ ಮೂಸಿ ಹೇಳಿದ್ದೇ ತೀರ್ಪು. 'ನಮ್ಮನೆ ಪೊಲೀಸ್ ನಾಯಿ' ಎಂದು ನಮ್ಮವರು ಛೇಡಿಸಿದರೆ ಅತ್ತೆ ಉಬ್ಬಿಹೋಗುತ್ತಾರೆ. ಅವತ್ತೂ ಹಾಗೇ ಉಬ್ಬಿಕೊಂಡು ಮೆಟ್ಟಿಲು ಹತ್ತಿದರು.

ಮೇಸ್ತ್ರಿ ಹೊಗೆ ಬಿಟ್ಟ. ಸ್ವಲ್ಪ ಹೊತ್ತು ಕಾದು ನಮ್ಮವರು ಕೂಗಿದರು. "ಅಮ್ಮಾ, ವಾಸನೆ ಬಂತಾ?"

"ಏನೂ ಇಲ್ಲ ಕಣೋ!"

"ಸರಿಯಾಗಿ ನೋಡಿ ಅಮ್ಮ," ಎಂದ ಮೇಸ್ತ್ರಿ.

"ಇಲ್ಲ ಅಂದ್ನಲ್ಲಪ್ಪ!"

ನಮ್ಮವರು ಗೆದ್ದವರಂತೆ ಮೇಸ್ತ್ರಿಯ ಕಡೆ ನೋಡಿದರು. ಅತ್ತೆಗೆ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿಯುತ್ತದೆ. ಕೈಹಿಡಿದು ಕರೆತರೋಣವೆಂದು ನಾನು ಮೇಲೆ ಹೋದೆ.

ಬಾಗಿಲು ತೆರೆದರೆ ಹೊಗೆ! ಬಟ್ಟೆ ಬೀರುವಿನ ಹಿಂದಿನಿಂದ ಎದ್ದು ಮಂಚದ ಮೇಲೆಲ್ಲ ಹರಡಿತ್ತು. ಅತ್ತೆ ಅದಕ್ಕೆ ಬೆನ್ನು ಹಾಕಿ, ಕಿಟಕಿಯ ಗಾಜಿನ ಮೂಲಕ ಬೀದಿ ನೋಡುತ್ತ ಕೂತಿದ್ದರು. ಅವರು ದಿನಾ ಮಲಗುವುದು ಅದೇ ಮಂಚದ ಮೇಲೆ.

"ಅತ್ತೇ! ಇಷ್ಟು ಹೊಗೆ! ವಾಸನೆ ಬರ್ಲಿಲ್ವಾ ನಿಮಗೆ?"

ತಿರುಗಿ ನೋಡಿದರು. ಮುಖ ಬಿಳಿಚಿಕೊಂಡಿತು. "ಮೆಲ್ಲಗೆ ಮಾತಾಡೇ. ಆವತ್ತು ಜ್ವರ ಬಂತಲ್ಲ, ಆವಾಗ್ಲೇ ಮೂಗು ಹೋಯ್ತು. ಏನೂ ಗೊತ್ತಾಗಲ್ಲ."

"ಮತ್ತೆ ಹಾಲು?"

"ಯಾರೂ ನೋಡ್ದೇ ಇದ್ದಾಗ ಒಂದು ಹನಿ ನಾಲಿಗೆಗೆ ಹಚ್ಕೋತೀನಿ." ನನ್ನ ಕೈ ಹಿಡಿದುಕೊಂಡರು. "ಅವನಿಗೆ ಹೇಳ್ಬೇಡ ಕಣೇ. ಈ ಮನೇಲಿ ನನ್ನನ್ನ ಕೇಳೋದು ಇದೊಂದೇ."

ಪಾಪ ಅನ್ನಿಸಿತು. ಜೊತೆಗೇ ಮೈಯೆಲ್ಲ ಉರಿದುಹೋಯಿತು. ಕಿಟಕಿ ತೆರೆದು, ಅವರನ್ನು ಕೆಳಗೆ ಕರೆತಂದು, ಹೊಗೆ ಬಂದಿದೆ ಎಂದಷ್ಟೇ ಹೇಳಿದೆ.

ಮೇಸ್ತ್ರಿ ಓಡಿಹೋಗಿ ನೋಡಿ ಬಂದ. "ಬಿರುಕು ಮುಚ್ಚಿದ್ರೆ ಸಾಲಲ್ಲ. ಚಿಮಣಿ ಒಳಗೆ ಉಕ್ಕಿನ ಕೊಳವೆ ಇಳಿಸ್ಬೇಕು. ಮೇಲೊಂದು ಅಲಾರಂ ಇರ್ಲೇಬೇಕು. ವಿಷಗಾಳಿ ಸೋರಿದ್ರೆ ಮಲಗಿದವರು ಏಳಲ್ಲ."

"ಕೊಳವೆ ಹಾಕು. ಅಲಾರಂ ಯಾಕೆ ದಂಡಕ್ಕೆ?" ಎಂದರು ನಮ್ಮವರು. "ಅಮ್ಮ ಇಲ್ಲ ಅಂದ್ಮೇಲೆ ಹೊಗೆ ಬಂದಿರುತ್ತೆ. ಒಂಚೂರು ಸೋರಿದ್ರೂ ಅಮ್ಮನಿಗೆ ಗೊತ್ತಾಗುತ್ತೆ."

"ಆ ಗಾಳಿಗೆ ವಾಸನೇನೇ ಇಲ್ಲ ಸಾರ್."

"ನಮ್ಮಮ್ಮನ ಮೂಗು ನಿಂಗೊತ್ತಿಲ್ಲ ಬಿಡು!"

ಅತ್ತೆ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ಕಣ್ಣಲ್ಲೇ ಅಂಗಲಾಚುತ್ತಿದ್ದರು.

"ಅವರಿಗೆ ಯಾವ ವಾಸನೇನೂ ಬರಲ್ಲ," ಎಂದುಬಿಟ್ಟೆ. "ಜ್ವರ ಬಂದಾಗಿಂದ."

ನಮ್ಮವರು ತಾಯಿಯನ್ನು ನೋಡಿದರು. ಅತ್ತೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೊಳವೆ ಇಳಿಯಿತು. ಮತ್ತೆ ಪರೀಕ್ಷೆ ಮಾಡಿದಾಗ ಮಹಡಿಯಲ್ಲಿ ನಾನೇ ನಿಂತೆ, ಹೊಗೆ ಬರಲಿಲ್ಲ. ಅಲಾರಂ ಅತ್ತೆಯ ಕೋಣೆಯ ಗೋಡೆ ಸೇರಿತು. ಈಗ ದಿನವೂ ಒಲೆ ಉರಿಯುತ್ತದೆ. ಅತ್ತೆಯನ್ನು ಮಾತ್ರ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ.

ನನ್ನ ಜೊತೆ ಅವರು ಮಾತು ಬಿಟ್ಟಿದ್ದಾರೆ. ಬೆಳಿಗ್ಗೆ ಚಹಾ ಕೊಟ್ಟರೆ ಲೋಟ ತೆಗೆದುಕೊಂಡು ಮುಖ ಆ ಕಡೆ ತಿರುಗಿಸುತ್ತಾರೆ. ಸಂಕಟವಾಗುತ್ತದೆ, ಇಲ್ಲವೆನ್ನಲಾರೆ. ತಿರುಗಿಸಲಿ ಬಿಡಿ. ಬೆಳಿಗ್ಗೆ ಎದ್ದು ಮುಖ ತಿರುಗಿಸಲು ಇದ್ದಾರಲ್ಲ.