ಶುಕ್ರವಾರದ ಗಂಜಿ

ಆಂಟಿ, ನೀವು ಬ್ಯಾಡಂದ್ರೂ ನೋವಿನ ಗುಳಿಗಿ ನಾನೇ ಗಂಜ್ಯಾಗ ಅರದು ಹಾಕ್ತಿದ್ದೆ, ಎಲ್ಲಾ ಶುಕ್ರವಾರ, ಎಂದಳು ಮನೆಗೆಲಸದ ನೀಲಾಬಾಯಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು, ಸೆವ್ರಿನ್ ಬಾಯಿಯ ಕೈಯಲ್ಲಿದ್ದ ಜಪಸರ ನಾಲ್ಕನೇ ಮಣಿಯಲ್ಲೇ ನಿಂತಿತು, ಎಲ್ಲಾ ಶುಕ್ರವಾರ ಅಂದರೆ ಏಳು, ಉಪವಾಸ ಕಾಲ ತೊಡಗುವ ಬೂದಿ ಬುಧವಾರದ ನಂತರದ ಶುಕ್ರವಾರದಿಂದ ಶುರುವಾಗಿ ಇವತ್ತಿನ ಶುಭ ಶುಕ್ರವಾರದವರೆಗೆ ಏಳು, ಏಳೂ ದಿನ ಮಾತ್ರೆ ಮುಟ್ಟುವುದಿಲ್ಲ, ಈ ಮೊಣಕಾಲಿನ ನೋವು ಮೆಲ್ವಿನ್‌ಗಾಗಿ, ನನ್ನ ಮಗನ ಬಾಟಲಿ ಬಿಡಿಸು ಸ್ವಾಮೀ ಎಂದು ಚರ್ಚಿನ ಆಲ್ತಾರಿನ ಮುಂದೆ ಒಪ್ಪಿಸಿದ್ದು, ಅವನು ಬಿಟ್ಟೂ ಇದ್ದ, ವಿಲೆ ಪಾರ್ಲೆಯಲ್ಲಿ ಏರ್‌ಪೋರ್ಟಿನ ಡ್ಯೂಟಿ ಮುಗಿಸಿ ನೆಟ್ಟಗೆ ಚೆಂಬೂರಿನ ಮನೆಗೆ, ಚಹಾ, ಟಿವಿ, ಮಮ್ಮೀ ಕಾಲು ಒತ್ತಲಾ, ನಲವತ್ತರ ಗಂಡಸು ನೆಲದಲ್ಲಿ ಕೂತು ಕಾಲು ಒತ್ತುತ್ತಿದ್ದ — ಶುಕ್ರವಾರ ಮಾತ್ರ ಬೇಡ ಮಗಾ ಎನ್ನುತ್ತಿದ್ದಳು, ಶುಕ್ರವಾರ ಬೇರೊಂದು ಕೈ ಮುಟ್ಟುತ್ತಿತ್ತು, ಹನ್ನೊಂದರ ಹೊತ್ತಿಗೆ ನೋವು ತಾನಾಗಿ ಇಳಿಯುತ್ತಿತ್ತು, ಸ್ವಾಮಿ ಹೊತ್ತುಕೊಂಡ ಎಂದು ಅತ್ತಿದ್ದಳು, ಅಳು ಸಾಲದೆ ಜಪಸರದ ಕೂಟದಲ್ಲಿ ಹೇಳಿಯೂ ಬಿಟ್ಟಿದ್ದಳು, ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು, ಒಬ್ಬಳು ಬಗ್ಗಿ ಈ ಮೊಣಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಬೇಡ ಎನ್ನಬಹುದಿತ್ತು, ಎನ್ನಲಿಲ್ಲ, ಮುಟ್ಟಲಿ ಎಂದು ಸೀರೆಯ ನೆರಿಗೆ ಸ್ವಲ್ಪ ಸರಿಸಿದಳು ಸಹ.

ನಿನ್ನೆ ಮೆಲ್ವಿನ್ ಮನೆಗೆ ಬರಲಿಲ್ಲ, ಈಗಷ್ಟೇ ಅವನ ಜೊತೆ ಕೆಲಸ ಮಾಡುವ ಅಂಗಾರನ ಫೋನು, ಕುಡಿದು ನನ್ನ ರೂಮಿನಲ್ಲಿ ಬಿದ್ದಿದ್ದಾನೆ ಬಾಯಿ, ಸಂಜೆ ಕರಕೊಂಡು ಬರ್ತೇನೆ, ಬೈಬೇಡಿ, ಅದನ್ನು ಕೇಳಿಯೇ ಈ ನೀಲಾ ಪಾತ್ರೆ ಬಿಟ್ಟು ಓಡಿ ಬಂದದ್ದು, ನೀವು ನರಳೂದು ನೋಡ್ಲಿಕ್ಕಾಗ್ಲಿಲ್ರಿ, ನಾ ಗುಳಿಗಿ ಹಾಕಿದ್ದಕ್ಕ ನಿಮ್ಮ ವ್ರತ ಕೆಟ್ಟು ಅಣ್ಣಾರು ಮತ್ತ ಕುಡದ್ರೇನ್ರಿ? — ಹೌದು ಎಂದರೆ ಸುಲಭ, ಇವಳು ಅದನ್ನು ತಲೆಯ ಮೇಲೆ ಹೊತ್ತು ಚಾಳಿನ ತನ್ನ ಮನೆಗೆ ಹೋಗುತ್ತಾಳೆ, ಸಾಯುವವರೆಗೆ ಇಳಿಸುವುದಿಲ್ಲ, ಅಲ್ಲ ಎಂದರೆ ಆ ನಲವತ್ತು ಚಿಲ್ಲರೆ ದಿನ ಮೆಲ್ವಿನ್ ಯಾರಿಗಾಗಿ ಕುಡಿಯದೆ ಇದ್ದ, ನಾನು ಕೊಟ್ಟದ್ದೇನೂ ಇಲ್ಲವಲ್ಲ, ಗಂಡ ಹೋದಾಗಿನಿಂದ ಸಕ್ಕರೆಯಿಲ್ಲದ ಚಹಾ, ಕ್ರಿಸ್ಮಸ್ಸಿಗೂ ಹೊಸ ಸೀರೆ ಬೇಡವೆಂದದ್ದು, ಕೊಟ್ಟೆ ಕೊಟ್ಟೆ ಎಂದುಕೊಂಡದ್ದರಲ್ಲಿ ಎಷ್ಟು ಮೇಲೆ ಮುಟ್ಟಿದೆ, ಎಷ್ಟು ಆ ಹೆಂಗಸರ ಕಣ್ಣ ಮುಂದೆಯೇ ಖರ್ಚಾಗಿದೆ, ಒಬ್ಬನೇ ಒಬ್ಬ ಪಾಪದ ಹುಡುಗ ದಿನವೂ ಸಂಜೆ ಬಾರಿನ ಬಾಗಿಲು ದಾಟಿ ಬರುತ್ತಿದ್ದ, ಹಲ್ಲು ಕಚ್ಚಿ, ಒಬ್ಬನೇ, ಮತ್ತು ತಾಯಿ ಅದನ್ನೂ ತನ್ನ ಕಾಲಿನ ಲೆಕ್ಕಕ್ಕೆ ಹಾಕಿಕೊಂಡಳು, ಒಂದು ದಿನವೂ ಕೇಳಲಿಲ್ಲ, ಕಷ್ಟ ಆಗ್ತದಾ ಮಗಾ ಎಂದು ಒಂದು ದಿನ.

ನಿನ್ನಿಂದ ಅಲ್ಲ ನೀಲಾ, ಅಳಬೇಡ ಮಾರಾಯ್ತಿ. ಇವತ್ತು ನಾನು ಕುಡಿದ ಗಂಜಿಗೂ ಹಾಕಿದ್ದೀಯಾ?

ಎರಡು ಹಾಕೀನ್ರಿ ಆಂಟಿ. ಮಧ್ಯಾಹ್ನ ಚರ್ಚಿನ್ಯಾಗ ಭಾಳ ಹೊತ್ತು ನಿಂದರಬೇಕಲ್ರಿ.

ಸೆವ್ರಿನ್ ಬಾಯಿ ಕುರ್ಚಿಯ ಹಿಡಿಕೆ ಹಿಡಿದು ಎದ್ದಳು, ಆರು ವರ್ಷದಿಂದ ಮಾಡದ್ದನ್ನು ಮಾಡಿದಳು, ದಿಂಬಿಲ್ಲದೆ, ಚಾಪೆಯಿಲ್ಲದೆ, ಬರಿಯ ಟೈಲ್ಸಿನ ಮೇಲೆ ಮೊಣಕಾಲೂರಿದಳು, ಮೊದಲು ಬಲಗಾಲು, ಆಮೇಲೆ ಎಡಗಾಲು, ಇಡೀ ಮೈಯ ಭಾರ ಬಿಟ್ಟು ಕಾದಳು. ನೋಯಲಿಲ್ಲ.