ಆರುನೂರ ಹನ್ನೆರಡನೇ ಮಳಿಗೆಯ ಹುಳುಗಳು

ಮೈಸೂರಿನಲ್ಲಿ ಆ ವಾರ ಕಾಲಿಡಲು ಜಾಗವಿರಲಿಲ್ಲ. ಅರಮನೆ, ಮೃಗಾಲಯ ಎಂದು ಬಂದ ಪ್ರವಾಸಿಗರು ಒಂದು ಕಡೆ, ತಂತ್ರಜ್ಞಾನ ಸಮ್ಮೇಳನಕ್ಕೆ ಬಂದ ನಲವತ್ತು ಸಾವಿರ ಜನ ಇನ್ನೊಂದು ಕಡೆ. ಆಟೋದವರು ಬಾಯಿಗೆ ಬಂದ ಬಾಡಿಗೆ ಹೇಳುತ್ತಿದ್ದರು. ಈ ಗದ್ದಲದ ನಡುವೆ ಸುಗಟೂರಿನ ಮುನಿಲಕ್ಷ್ಮಿ ಎರಡು ತಟ್ಟೆ ರೇಷ್ಮೆಹುಳು, ನಾಲ್ಕು ಮೂಟೆ ಹಿಪ್ಪುನೇರಳೆ ಸೊಪ್ಪು, ಹುಳು ಗೂಡು ಕಟ್ಟುವ ಬಿದಿರಿನ ಎರಡು ಚಂದ್ರಿಕೆಗಳ ಸಮೇತ ಟೆಂಪೊದಿಂದ ಇಳಿದಳು.

ಗೇಟಿನ ಕಾವಲುಗಾರ ತಟ್ಟೆಯ ಮೇಲಿನ ಬಟ್ಟೆ ಎತ್ತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಏನಮ್ಮಾ ಇದು?"

"ಹುಳ."

"ಹುಳಕ್ಕೆ ಪಾಸ್ ಇದೆಯಾ?"

"ಅವುಗಳಿಂದಾನೇ ನಮ್ಗೆ ಪಾಸ್ ಸಿಕ್ಕಿರೋದು. ಬಿಡಪ್ಪ ಒಳಕ್ಕೆ, ಮೇವಿನ ಹೊತ್ತಾಯ್ತು."

ಅವಳನ್ನು ಕರೆತಂದವನು ಲಕ್ಕೂರಿನ ಕಾಂತರಾಜ್. ಮಾಲೂರಿನ ಕಾರ್ಖಾನೆಯೊಂದರಲ್ಲಿ ಬಾಟಲಿ ಮುಚ್ಚಳಗಳ ದೋಷ ಹಿಡಿಯುವ ಕ್ಯಾಮೆರಾ ನೋಡಿಕೊಳ್ಳುತ್ತಿದ್ದವನಿಗೆ, ಮುಚ್ಚಳ ನೋಡುವ ಕಣ್ಣು ಹುಳುವನ್ನೇಕೆ ನೋಡಬಾರದು ಎಂಬ ಹುಚ್ಚು ಹತ್ತಿತ್ತು. ರೇಷ್ಮೆಹುಳು ಮೇದು ಮುಗಿಸಿ ನೂಲು ಸುತ್ತಲು ಸಿದ್ಧವಾಗುವುದಕ್ಕೆ 'ಹಣ್ಣಾಗುವುದು' ಎನ್ನುತ್ತಾರೆ. ಆ ಗಳಿಗೆ ಕಂಡುಹಿಡಿದು ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಪಾಲು. ಹುಳುವಿನ ಮೈಬಣ್ಣ ನೋಡಿ ಅದು ಯಾವಾಗ ಹಣ್ಣಾಗುತ್ತದೆಂದು ಮುಂಚಿತವಾಗಿ ಹೇಳುವ ಯಂತ್ರ ಅವನದು. ಮೂರು ವರ್ಷ ಅದಕ್ಕೆ ಪಾಠ ಹೇಳಿದ್ದು ಮುನಿಲಕ್ಷ್ಮಿಯ ಕಣ್ಣು. ಸಮ್ಮೇಳನದ ಸ್ಪರ್ಧೆಯಲ್ಲಿ ಆಯ್ಕೆಯಾದರೆ ಕೋಲಾರದ ಸುತ್ತ ಇನ್ನೂರು ಹುಳುಮನೆಗಳಿಗೆ ಯಂತ್ರ ಬರುತ್ತದೆ. ಆಗದಿದ್ದರೆ ಕಾಂತರಾಜ್ ಮತ್ತೆ ಮುಚ್ಚಳ ನೋಡಲು ಹೋಗಬೇಕು.

ದಾರಿಯುದ್ದಕ್ಕೂ ಅವನದು ಒಂದೇ ಮಾತು. "ಅಕ್ಕಾ, ತೀರ್ಪುಗಾರರು ಬಂದಾಗ ಸ್ಕ್ರೀನ್ ಏನು ಹೇಳುತ್ತೋ ಅದೇ. ನೀನು ಅಡ್ಡ ಮಾತಾಡಬೇಡ. ಆಣೆ?"

"ಆಯ್ತು ಕಣೋ, ಮಾತು ಕೊಟ್ಟಿದ್ದೀನಿ," ಎಂದಿದ್ದಳು. ತಮ್ಮನಂತಹ ಹುಡುಗ. ಅವನು ಗೆಲ್ಲಬೇಕೆಂಬ ಆಸೆ ಅವನಿಗಿಂತ ಅವಳಿಗೇ ಹೆಚ್ಚಾಗಿತ್ತು.

ಮೊದಲ ದಿನ ಆರುನೂರ ಹನ್ನೆರಡನೇ ಮಳಿಗೆಯನ್ನು ನಾಯಿಯೂ ಮೂಸಲಿಲ್ಲ. ಎಡಕ್ಕೆ ಕಾಫಿ ಮಾಡುವ ರೋಬೋಟು, ಬಲಕ್ಕೆ ಮಾತಾಡುವ ಕನ್ನಡಿ. ಮುನಿಲಕ್ಷ್ಮಿ ತಲೆ ಕೆಡಿಸಿಕೊಳ್ಳಲಿಲ್ಲ. ಹುಳುಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಸೆಂಟು ಬಳಿದು ಬರುವುದಿಲ್ಲ. ಇದೂ ಹುಳುಮನೆಯೇ ತಾನೇ? ಬಂದ ಒಬ್ಬಿಬ್ಬರಿಗೂ ಶೂ ಬಿಚ್ಚಿಸಿದಳು, ಕೈ ತೊಳೆಸಿದಳು. ಸೂಟು ಹಾಕಿದ್ದ ಒಬ್ಬನನ್ನು ಮೂಸಿ ನೋಡಿ ವಾಪಸ್ ಕಳಿಸಿದಳು. ಕಾಂತರಾಜ್ ಹಣೆ ಚಚ್ಚಿಕೊಂಡ. ಆದರೆ ಸಂಜೆಯ ಹೊತ್ತಿಗೆ ಮಳಿಗೆಯ ಮುಂದಿನ ಶೂ ರಾಶಿ ನೋಡಿಯೇ ಜನ ನಿಲ್ಲತೊಡಗಿದರು.

ಎರಡನೇ ದಿನ ಹನ್ನೊಂದಕ್ಕೆ ತೀರ್ಪುಗಾರರು ಬರುವವರಿದ್ದರು. ಯಂತ್ರದ ಪರದೆ 'ಇನ್ನೂ ಮೂವತ್ತು ಗಂಟೆ' ಎನ್ನುತ್ತಿತ್ತು. ಹತ್ತೂವರೆಗೆ ಸೊಪ್ಪು ಹಾಕಿದ ಮುನಿಲಕ್ಷ್ಮಿಯ ಕೈ ಅಲ್ಲೇ ನಿಂತಿತು. ಮೇವಿನ ಸದ್ದಿಲ್ಲ. ನಾಲ್ಕಾರು ಹುಳು ತಲೆ ಎತ್ತಿ ತಟ್ಟೆಯ ಅಂಚಿಗೆ ಹರಿಯುತ್ತಿವೆ. ಸಮ್ಮೇಳನದವರು ಅಂದಕ್ಕೆಂದು ಹಾಕಿದ್ದ ನೀಲಿ ದೀಪದಲ್ಲಿ ಎಲ್ಲ ಹುಳುವೂ ಒಂದೇ ಬಣ್ಣ. ಒಂದನ್ನೆತ್ತಿ ಮೊಬೈಲ್ ಟಾರ್ಚಿಗೆ ಹಿಡಿದಳು. ಮೈಯೆಲ್ಲ ಮಾಗಿದ ದ್ರಾಕ್ಷಿಯಂತೆ ಹಳದಿಯಾಗಿ ಬೆಳಕು ಬಿಟ್ಟಿತು.

ಹಣ್ಣಾಗಿತ್ತು. ಒಂದಲ್ಲ, ತಟ್ಟೆಗೆ ತಟ್ಟೆಯೇ.

ಸುಮ್ಮನಿದ್ದರೆ ಹುಡುಗ ಗೆಲ್ಲುತ್ತಾನೆ, ಸಾವಿರದೈನೂರು ಹುಳುವಿನ ನೂಲು ಮಣ್ಣುಪಾಲಾಗುತ್ತದೆ. ಬಾಯಿ ಬಿಟ್ಟರೆ ಅವನ ಮೂರು ವರ್ಷ ಮಣ್ಣುಪಾಲು. ಅಷ್ಟರಲ್ಲಿ ನರೆತ ಕೂದಲಿನ ನಿವೃತ್ತ ಎಂಜಿನಿಯರ್ ಆದ ತೀರ್ಪುಗಾರರ ಮುಖ್ಯಸ್ಥೆ ಶಾಮಲಮ್ಮ ಇಬ್ಬರು ಜೊತೆಗಾರರೊಡನೆ ಬಂದು ನಿಂತರು. ಕಾಂತರಾಜ್ ಹುರುಪಿನಿಂದ ಶುರು ಮಾಡಿದ. "ನಮ್ಮ ಯಂತ್ರದ ಪ್ರಕಾರ ಇನ್ನೂ ಮೂವತ್ತು ಗಂಟೆ ಮೇಡಂ..."

"ಇಲ್ಲ," ಎಂದಳು ಮುನಿಲಕ್ಷ್ಮಿ. "ಈಗ್ಲೇ."

ಕಾಂತರಾಜ್ ಗಕ್ಕನೆ ಅವಳತ್ತ ತಿರುಗಿದ.

"ಹಾಗಾದರೆ ಯಂತ್ರ ತಪ್ಪೇ?" ಎಂದರು ಶಾಮಲಮ್ಮ.

"ಇವತ್ತು ತಪ್ಪು. ಮಾತು ಆಮೇಲೆ ಆಡಾಣ, ಮೊದ್ಲು ಕೈ ತೊಳ್ಕೊಂಡು ಬನ್ನಿ."

ಸುಗಟೂರಿನಲ್ಲಿ ಯಾರ ಮನೆಯ ಹುಳು ಹಣ್ಣಾದರೂ ಯಾರನ್ನೂ ಕರೆಯಬೇಕಿಲ್ಲ. ದಾರಿಯಲ್ಲಿ ಹೋಗುವವರು ಕೈ ತೊಳೆದು ಒಳಗೆ ಬರುತ್ತಾರೆ, ತಟ್ಟೆ ಬರಿದಾಗುವವರೆಗೆ ಏಳುವುದಿಲ್ಲ. ಇಲ್ಲಿಯವರಿಗೆ ಅದು ಗೊತ್ತಿಲ್ಲವಲ್ಲ, ಅದಕ್ಕೇ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂಗಿದಳು. "ಕೈ ಖಾಲಿ ಇರೋರೆಲ್ಲ ಬನ್ನಿ! ರಾಂಡಪ್ಪಾ, ಬೇಗ ರಾಂಡಿ!" ಕನ್ನಡ ತಿಳಿದವರು ಬಂದರು, ತೆಲುಗು ತಿಳಿದವರು ಬಂದರು, ಎರಡೂ ತಿಳಿಯದವರು ಗುಂಪು ನೋಡಿ ಬಂದರು. ಶಾಮಲಮ್ಮ ಒಂದು ಕ್ಷಣ ನೋಡಿ, ಶೂ ಕಳಚಿ ನೆಲದ ಮೇಲೆ ಕೂತೇಬಿಟ್ಟರು.

ಕಾಂತರಾಜ್ ಕೊನೆಗೆ ಬಂದು ಅವಳ ಪಕ್ಕ ಕೂತ. "ನೀನು ಮಾತು ಕೊಟ್ಟಿದ್ದೆ ಅಕ್ಕಾ," ಎಂದ, ತಲೆ ಎತ್ತದೆ.

"ಕೊಟ್ಟಿದ್ದೆ ಕಣೋ. ಕಣ್ಮುಂದೆ ಹಾಳಾಗೋದ್ನ ನೋಡ್ಕೊಂಡು ಸುಮ್ನಿರಕ್ಕಾಗ್ಲಿಲ್ಲ." ಅವಳಿಗೆ ಅಳು ಬಂದಂತಾಯಿತು. ಕೈ ಮಾತ್ರ ಹುಳು ಆರಿಸುತ್ತಲೇ ಇತ್ತು.

ಶಾಮಲಮ್ಮ ಕೇಳಿಸಿಕೊಂಡರು. "ಯಂತ್ರ ಯಾಕಪ್ಪ ತಪ್ಪಿತು?"

ಅವನು ನೀಲಿ ದೀಪದತ್ತ ನೋಡಿದ. ಅದನ್ನೋ ಅಕ್ಕನನ್ನೋ ದೂರಬಹುದಿತ್ತು. ದೂರಲಿಲ್ಲ. "ನಮ್ಮ ಹುಳುಮನೆಗಳಲ್ಲಿ ಈ ಬೆಳಕಿಲ್ಲ ಮೇಡಂ, ಯಂತ್ರ ಇದನ್ನ ನೋಡೇ ಇಲ್ಲ. ನಾನು ನೋಡಿದ್ದೆ, ಯೋಚಿಸ್ಲಿಲ್ಲ. ತಪ್ಪು ನಂದು."

"ನಿಮಗೇ ಇಷ್ಟು ಗೊತ್ತಾಗುವಾಗ ಯಂತ್ರ ಯಾಕಮ್ಮ?" ಎಂದು ಶಾಮಲಮ್ಮ ಮುನಿಲಕ್ಷ್ಮಿಯನ್ನು ಕೇಳಿದರು.

"ಇರೋಳು ನಾನೊಬ್ಳು. ಹೋದ ವರ್ಷ ಎರಡು ದಿನ ಮದ್ವೆಗೆ ಅಂತ ನಂಗಲಿಗೆ ಹೋಗಿದ್ದೆ. ಪಕ್ಕದ ಮನೆ ಅಶ್ವತ್ಥಮ್ಮಂಗೆ ಕಣ್ಣು ಮಂಜು. ಬೆಳೆ ಅಷ್ಟೂ ಸೊಪ್ಪಲ್ಲೇ ನೂಲು ಬಿಟ್ಬಿಡ್ತು. ಎಂಗೆ ಅತ್ಲಮ್ಮ ಆವಮ್ಮ! ನಾನು ಇಲ್ದಿರೋ ದಿನಕ್ಕೆ ಇದು ಬೇಕು. ತಪ್ಪು ಹೇಳಿದ್ರೆ ತಿದ್ಕೊಳ್ಳುತ್ತೆ, ಅಷ್ಟು ಗ್ಯಾರಂಟಿ ನಾನು ಕೊಡ್ತೀನಿ."

ಶಾಮಲಮ್ಮ ಎರಡೂ ತಟ್ಟೆ ಬರಿದಾಗುವವರೆಗೆ ಕೂತಿದ್ದು, ಮಂಡಿ ಹಿಡಿದುಕೊಂಡು ಎದ್ದು ಹೋದರು. ಚಂದ್ರಿಕೆಯ ಸುತ್ತುಗಳಲ್ಲಿ ಹುಳುಗಳು ಆಗಲೇ ಮೊದಲ ಎಳೆ ಹಾಕುತ್ತಿದ್ದವು.

ನಾಲ್ಕು ಗಂಟೆಗೆ ಕಾಂತರಾಜನ ಮೊಬೈಲಿಗೆ ಪಟ್ಟಿ ಬಂತು. ಅವನು ಒಮ್ಮೆ ಓದಿದ, ಇನ್ನೊಮ್ಮೆ ಓದಿದ, ಆಮೇಲೆ ಗಟ್ಟಿಯಾಗಿ ಓದಿದ. ಆಯ್ಕೆಯಾಗಿತ್ತು, ಇನ್ನೂರು ಮನೆಗೂ. ಕೆಳಗೊಂದು ಷರತ್ತಿತ್ತು: ಯಂತ್ರ ಒಂದೊಂದು ಮನೆಗೆ ಹೋಗುವ ಮುನ್ನ ಮುನಿಲಕ್ಷ್ಮಿಯವರು ಪರೀಕ್ಷಿಸಿ ಸಹಿ ಹಾಕಬೇಕು, ಅವರು ಬೇಡವೆಂದರೆ ಬೇಡ.

"ಒಪ್ಕೋತೀಯಾ ಅಕ್ಕಾ?"

ಮುನಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಯಂತ್ರವನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಒಪ್ಕೊಂಡೆ ಅನ್ನು. ಆದ್ರೆ ನಾನು ಬೈದ್ರೆ ಮುಖ ಊದಿಸ್ಕೋಬಾರ್ದು. ಅದೂ ಅಷ್ಟೇ, ನೀನೂ ಅಷ್ಟೇ."