ಟೈಲರಕ್ಕನ ಷರತ್ತು

"ಕೈಗವಸು ಹಾಕ್ಕೊಂಡೇ ಮುಟ್ಟಪ್ಪ," ಎಂದು ಸೋದರಮಾವ ಹೆಣದ ವ್ಯಾನಿನ ಡ್ರೈವರನಿಗೆ ಹೇಳಿದ್ದು, ಒಳಗೆ ಅಮ್ಮನ ಜಡೆ ಹೆಣೆಯುತ್ತಿದ್ದ ಮಗಳಿಗೆ ಕೇಳಿಸಿತು. ಅವಳು ಬಾಚಣಿಗೆ ಬಿಟ್ಟು ಹೊರಗೆ ಬಂದಳು.

"ಕೈಗವಸು ಯಾಕೆ ಮಾವ? ಅಮ್ಮ ಮೆದುಳಲ್ಲಿ ರಕ್ತನಾಳ ಒಡೆದು ತೀರಿಕೊಂಡಳು ಅಂತ ಆಸ್ಪತ್ರೆಯವರು ಬರೆದುಕೊಟ್ಟಿಲ್ವಾ?"

"ನನಗೆ ಗೊತ್ತು ಕಣೇ, ಆದ್ರೆ ಆ ಚೀಟಿ ಓಣೀಲಿ ಯಾರು ಓದ್ತಾರೆ? ಮೂರು ವರ್ಷ ಎಚ್‌ಐವಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಇಳಿದದ್ದನ್ನ ಎಲ್ಲರೂ ನೋಡಿದ್ದಾರಲ್ಲ."

ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಇಕ್ಕಟ್ಟಿನ ಮೆಟ್ಟಿಲು, ಕೆಳಗಿಳಿಸಲು ನಾಲ್ಕು ಜನ ಬೇಕು. ಓಣಿಯಲ್ಲಿ ಹಾಕಿದ ಇಪ್ಪತ್ತು ಕುರ್ಚಿಗಳಲ್ಲಿ ಕೂತವರು ಇಬ್ಬರು ಮುದುಕರು. ಓಣಿಯ ಅರ್ಧ ಜನರ ಮೈಮೇಲಿದ್ದ ಬಟ್ಟೆ ಅಮ್ಮ, ಅವರೆಲ್ಲರ ಟೈಲರಕ್ಕ, ಹೊಲಿದದ್ದೇ. ಅವರೆಲ್ಲ ದೂರದಲ್ಲಿ, ಗೋಡೆಗೆ ಒರಗಿ ನಿಂತಿದ್ದರು.

*

ಎರಡು ತಿಂಗಳಿಗೊಂದು ಸೂಜಿ ಚುಚ್ಚಿಸಿಕೊಂಡರೆ ಎಚ್‌ಐವಿ ಸೋಂಕು ತಡೆಯಬಹುದೇ ಎಂದು ಪರೀಕ್ಷಿಸಲು ಮೂರು ವರ್ಷದ ಹಿಂದೆ ಕ್ಲಿನಿಕ್ಕಿನವರು ಬಂದಾಗ, ಓಣಿಯವರದ್ದೊಂದು ಸಮಿತಿ ಮಾಡಿದರು. ಟೈಲರಕ್ಕನನ್ನು ಕರೆದದ್ದು ಚಹಾ ಕುಡಿದು ತಲೆಯಾಡಿಸಲಿ ಎಂದು. ಅವಳು, ಸೇರುವವರು ಸಹಿ ಹಾಕಬೇಕಾದ ಒಪ್ಪಿಗೆ ಪತ್ರದ ಹನ್ನೆರಡು ಪುಟಗಳನ್ನು ಮೇಜಿನ ಮೇಲೆ ಹರಡಿದಳು.

"ತಲೆಬುಡ ತಿಳೀಲಿಲ್ಲ ಡಾಕ್ಟ್ರೇ. ಅಳತೆ ತಗೊಳ್ಳದೆ ರವಿಕೆ ಹೊಲಿದ ಹಾಗಿದೆ. ಯಾರ ಮೈಗೂ ಕೂರಲ್ಲ."

ಮೂರು ವಾರ ಕೂತು ಅದನ್ನು ಎರಡು ಪುಟಕ್ಕೆ ಇಳಿಸಿದರು. ಆಮೇಲೆ ಅವಳು ತನ್ನ ಷರತ್ತು ಹೇಳಿದಳು. ಸೇರಿದವರಲ್ಲಿ ಯಾರಿಗೆ ಸೋಂಕು ಇದೆ, ಯಾರಿಗೆ ಇಲ್ಲ ಎಂದು ಹೊರಗಿನವರ ಹತ್ತಿರ ಬಾಯಿಬಿಡಬಾರದು.

"ಇದೆ ಅಂತ ಖಂಡಿತ ಹೇಳಲ್ಲ. ಆದ್ರೆ ಇಲ್ಲ ಅಂದ್ರೆ ತಪ್ಪೇನು? ಒಳ್ಳೇ ಸುದ್ದಿ ತಾನೆ?" ಎಂದರು ಡಾಕ್ಟರು.

"ಇವತ್ತು ಒಬ್ಬಳಿಗೆ ಇಲ್ಲ ಅಂತೀರಿ. ನಾಳೆ ಇನ್ನೊಬ್ಬಳ ಬಗ್ಗೆ ಕೇಳಿದಾಗ ಸುಮ್ಮನಿರ್ತೀರಿ. ಆಗ ಜನ ಏನಂತ ತಿಳ್ಕೋತಾರೆ?"

ಡಾಕ್ಟರು ಷರತ್ತನ್ನು ಬರೆದುಕೊಂಡರು. ಅವಳ ಆ ಮಾತಿನ ಮೇಲೆ ಓಣಿಯ ಮೂವತ್ತೊಂದು ಹೆಂಗಸರು ಸೇರಿದರು. ಮೊದಲ ಸೂಜಿಗೆ ತೋಳು ಒಡ್ಡಿದವಳು ಟೈಲರಕ್ಕನೇ.

*

ಕ್ಲಿನಿಕ್ಕಿನ ನರ್ಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಮಾವ ಅವಳನ್ನು ಅಡುಗೆಮನೆಗೆ ಕರೆದೊಯ್ದ.

"ಸಿಸ್ಟರ್, ಕೆಳಗೆ ನಿಂತು ಒಂದೇ ಮಾತು ಹೇಳಿ. ನಮ್ಮಕ್ಕನಿಗೆ ಅದು ಇರಲಿಲ್ಲ ಅಂತ. ಹೆಗಲು ಕೊಡೋಕೆ ನಾಲ್ಕು ಜನ ಬರ್ತಾರೆ."

ನರ್ಸು ಕಣ್ಣೊರೆಸಿಕೊಂಡು ಮಗಳತ್ತ ತಿರುಗಿದಳು. "ನೀನು ಹೂಂ ಅಂದ್ರೆ ಹೇಳ್ತೀನಮ್ಮ. ಹೋದ ತಿಂಗಳ ರಿಪೋರ್ಟು ನಾನೇ ನೋಡಿದ್ದೀನಿ."

ಹೂಂ ಎನ್ನುವುದು ಮಗಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ನಲ್ಲಿಯ ಹತ್ತಿರ ಐದಾರು ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ಸೂಜಿಗೆ ಸೇರಿದ ಆ ಮೂವತ್ತೊಂದು ಜನರಲ್ಲಿ ಇವರು ಯಾರ್ಯಾರು ಇದ್ದಾರೋ ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಅವಳಿಗೂ ಹೇಳಿರಲಿಲ್ಲ.

"ಬೇಡ ಸಿಸ್ಟರ್."

"ಹೆತ್ತವಳ ಮಾನಕ್ಕಿಂತ ಹೆಚ್ಚಾಯ್ತೇನೇ ಆ ಷರತ್ತು?" ಮಾವನ ದನಿ ಒಡೆಯಿತು.

"ಅವಳು ಕೊಟ್ಟ ಮಾತು ಮಾವ. ಅವಳು ಹೋದ ದಿನವೇ ಮುರೀಲಾ?"

ಮಾವ ಪಂಚೆ ಎತ್ತಿ ಕಟ್ಟಿಕೊಂಡ. ಆಮೇಲೆ, "ತಲೆ ಕಡೆ ನಾನು ಹಿಡೀತೀನಿ," ಎಂದ.

ಮಾವ, ಮಗಳು, ನರ್ಸು, ಡ್ರೈವರು. ಎರಡು ಸಲ ಗೋಡೆಗೆ ತಾಗಿ, ಒಂದು ಸಲ ವಾಲಿ, ಟೈಲರಕ್ಕ ಕೆಳಗಿಳಿದಳು. ಹೆಗಲು ಕೊಡಲು ಯಾರೂ ಮುಂದೆ ಬರಲಿಲ್ಲ. ವ್ಯಾನು ಹೊರಟಿತು.

ಓಣಿಯ ಕೊನೆಯ ಇಸ್ತ್ರಿ ಅಂಗಡಿಯಿಂದ ಒಬ್ಬಳು ಹೊಸ್ತಿಲಾಚೆ ಒಂದು ಕಾಲಿಟ್ಟಳು. ಒಳಗಿನಿಂದ ಗಂಡಸಿನ ದನಿ ಗದರಿತು. ವ್ಯಾನು ತಿರುವು ದಾಟುವ ತನಕ ಅವಳು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಬಿಗಿಹಿಡಿದು ಹಾಗೇ ನಿಂತಿದ್ದಳು, ಒಂದು ಕಾಲು ಬಿಸಿಲಲ್ಲಿ, ಒಂದು ಒಳಗೆ.